ಓದುಗರ ಪ್ರಶ್ನೆ: ಫಾಂಟ್ ಬದಲಾಯಿಸಿದರೆ ಕೋಡ್ ಕೆಡುತ್ತದಾ?

ಪ್ರಶ್ನೆ: "ಸರ, ಕೋಡ್ ಬರಿಯಾಕ ಯಾವ ಫಾಂಟ್ ಚಲೋ? ಈಗಿರೋದನ್ನ ಬದಲ ಮಾಡಿದ್ರ ಪ್ರೋಗ್ರಾಂ ಕೆಡತೈತೇನ್ರಿ?"
(ಗದಗ-ಬೆಟಗೇರಿಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ)

ಮೊದಲ ಪ್ರಶ್ನೆಗೆ ಎರಡು ನಿಮಿಷ ಸಾಕು. ಎರಡನೆಯದಕ್ಕೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಹುಬ್ಬಳ್ಳಿಯ ನನ್ನ ಕ್ಲಾಸಿನಲ್ಲಿ ಪ್ರತಿ ಬ್ಯಾಚಿಗೂ ಒಬ್ಬರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಈ ಸಲ ಪೂರ್ತಿ ಬರೆದು ಇಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಮೊದಲು ಆಯ್ಕೆಯ ವಿಷಯ. ಕೋಡ್‌ಗೆ ಬೇಕಾದದ್ದು ಮೋನೋಸ್ಪೇಸ್ ಫಾಂಟ್, ಅಂದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಜಾಗ. ಹಳೆಯ ಟೈಪ್‌ರೈಟರ್ ನೋಡಿದವರಿಗೆ ಇದು ಗೊತ್ತು. ಯಾವ ಕೀ ಒತ್ತಿದರೂ ಕಾಗದ ಸರಿಯುವುದು ಒಂದೇ ಹೆಜ್ಜೆ. ಪೈಥಾನ್‌ನಲ್ಲಿ ಸಾಲಿನ ಆರಂಭಕ್ಕೆ ನಾಲ್ಕು ಸ್ಪೇಸ್ ಬಿಡುತ್ತೀರಲ್ವಾ? ಆ ಸ್ಪೇಸಿನ ಅಗಲವೂ ಅಕ್ಷರದ ಅಗಲವೂ ಒಂದೇ ಆಗಿದ್ದರೆ ಯಾವ ಸಾಲು ಯಾವುದರ ಒಳಗಿದೆ ಅಂತ ಕಣ್ಣಿಗೆ ತಕ್ಷಣ ಕಾಣುತ್ತದೆ.

ವಿಂಡೋಸ್‌ನಲ್ಲಿ ಕನ್ಸೋಲಾಸ್ ಇದ್ದೇ ಇರುತ್ತದೆ. ಮ್ಯಾಕ್‌ನಲ್ಲಿ ಮೆನ್ಲೋ. ಲಿನಕ್ಸ್‌ನಲ್ಲಿ ಡೇಜಾವು ಸಾನ್ಸ್ ಮೋನೋ. ಇವು ಸಾಕು. ಬೇರೆ ಬೇಕೆನಿಸಿದರೆ ಜೆಟ್‌ಬ್ರೇನ್ಸ್ ಮೋನೋ, ಫೀರಾ ಕೋಡ್, ಸೋರ್ಸ್ ಕೋಡ್ ಪ್ರೋ, ಕ್ಯಾಸ್ಕೇಡಿಯಾ ಕೋಡ್ ಇವೆ. ನಾಲ್ಕೂ ಮುಕ್ತ ಲೈಸೆನ್ಸಿನವು, ದುಡ್ಡು ಕೊಡಬೇಕಿಲ್ಲ. ಕೊರಿಯರ್ ನ್ಯೂ ಮಾತ್ರ ಬೇಡ ಅಂತೀನಿ. ಮೂಲ ಕೊರಿಯರ್ 1950ರ ದಶಕದಲ್ಲಿ ಐಬಿಎಂ ಟೈಪ್‌ರೈಟರಿಗೆ ಮಾಡಿದ ಅಕ್ಷರ. ಅದರಿಂದ ಬಂದ ಕೊರಿಯರ್ ನ್ಯೂ ಪರದೆಯ ಮೇಲೆ ಗೆರೆ ತೀರಾ ತೆಳ್ಳಗಾಗಿ ಕಾಣುತ್ತದೆ. ಪ್ರೊಜೆಕ್ಟರಿನಲ್ಲಿ ಹಾಕಿದರಂತೂ ಕೊನೆಯ ಬೆಂಚಿನವರಿಗೆ ಏನೂ ಕಾಣುವುದಿಲ್ಲ.

ಆರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಸೊನ್ನೆ ಮತ್ತು ಇಂಗ್ಲಿಷಿನ ದೊಡ್ಡ ಓ ಪಕ್ಕಪಕ್ಕ ಬರೆಯಿರಿ. ಒಂದು, ಸಣ್ಣ ಎಲ್, ದೊಡ್ಡ ಐ ಬರೆಯಿರಿ. ಫಟಾಫಟ್ ಗುರುತು ಸಿಕ್ಕರೆ ಆ ಫಾಂಟ್ ಚಲೋ. ಸಿಗದಿದ್ದರೆ ಎಷ್ಟೇ ಚಂದ ಇದ್ದರೂ ಬಿಡಿ. ಕನ್ನಡದ ಸೊನ್ನೆಯ ಅಂಕಿಯನ್ನೂ ಅನುಸ್ವಾರವನ್ನೂ ಅದಲುಬದಲು ಟೈಪ್ ಮಾಡಿ ಆಮೇಲೆ ಹುಡುಕಲು ಒದ್ದಾಡಿದವರಿಗೆ ಈ ಮಾತಿನ ಬೆಲೆ ಗೊತ್ತಿರುತ್ತದೆ.

ಈಗ ಎರಡನೆಯ ಪ್ರಶ್ನೆ. ಇಲ್ಲ, ಕೆಡುವುದಿಲ್ಲ. ಫಾಂಟ್ ಬದಲಾಯಿಸಿದರೆ ಕೋಡಿನ ಒಂದು ಚುಕ್ಕೆಯೂ ಬದಲಾಗುವುದಿಲ್ಲ.

ಹಾಗಾದರೆ ಈ ಭಯ ಬಂದದ್ದು ಎಲ್ಲಿಂದ? ನನಗೆ ಅದು ಚೆನ್ನಾಗಿ ಗೊತ್ತು. ಗದಗ ಮುದ್ರಣ ಕಾಶಿ ಅಂತ ಹೆಸರಾದ ಊರು. ಅಲ್ಲಿ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ಡಿಟಿಪಿ ಮಾಡಿದವರು ಇರುತ್ತಾರೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಲಗ್ನಪತ್ರಿಕೆ ಮಾಡಿದವರು ಅವರು. ಆ ಫೈಲಿನಲ್ಲಿ ಫಾಂಟ್ ಬದಲಾಯಿಸಿದರೆ ಏನಾಗುತ್ತಿತ್ತು? "ಕನ್ನಡ" ಎಂದು ಬರೆದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರುವ ಎ, ಪೌಂಡಿನ ಗುರುತು, ಹೀಗೆ ಏನೇನೋ ಬರುತ್ತಿತ್ತು. ನೋಡಿದವರಿಗೆ ಫೈಲೇ ಹಾಳಾಯಿತು ಅನಿಸುತ್ತಿತ್ತು.

ಆದರೆ ಅಲ್ಲಿಯೂ ಫೈಲ್ ಹಾಳಾಗಿರಲಿಲ್ಲ! ಅದರೊಳಗೆ ಮೊದಲಿನಿಂದಲೂ ಇದ್ದದ್ದು ಆ ಪಿ ಮತ್ತು ಪೌಂಡ್ ಗುರುತುಗಳೇ. ಆ ಜಾಗಗಳಲ್ಲಿ ಕನ್ನಡದ ಚಿತ್ರ ಬರೆದಿಟ್ಟ ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು ಅಷ್ಟೇ. ಫಾಂಟ್ ತೆಗೆದಾಗ ಒಳಗಿದ್ದದ್ದು ಕಂಡಿತು. ಮತ್ತೆ ಅದೇ ಫಾಂಟ್ ಹಾಕಿದರೆ ಕನ್ನಡ ವಾಪಸ್ ಬರುತ್ತಿತ್ತು. ಈಗ ಬಳಸುವ ಯುನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಮೂಲ ಅಕ್ಷರಕ್ಕೂ ಚಿಹ್ನೆಗೂ ಅದರದೇ ಸಂಖ್ಯೆ ಇದೆ. ಹಾಗೆ ಬರೆದ ಫೈಲಿಗೆ ಆ ತೊಂದರೆಯೇ ಇಲ್ಲ. ಭಯ ಮಾತ್ರ ಅಪ್ಪನಿಂದ ಮಗನಿಗೆ ಬಂದಿದೆ.

ಕೋಡ್ ಫೈಲ್ ಬರೀ ಅಕ್ಷರಗಳ ಸಾಲು. ಅದರಲ್ಲಿ ಫಾಂಟಿನ ಹೆಸರು ಬರೆಯಲು ಜಾಗವೇ ಇಲ್ಲ. ಫಾಂಟ್ ಇರುವುದು ನಿಮ್ಮ ಎಡಿಟರಿನ (ಕೋಡ್ ಬರೆಯುವ ತಂತ್ರಾಂಶದ) ಸೆಟ್ಟಿಂಗ್‌ನಲ್ಲಿ. ನಂಬಿಕೆ ಬರದಿದ್ದರೆ ನೀವೇ ನೋಡಿ. ಫೈಲ್ ಸೇವ್ ಮಾಡಿ, ಅದು ಎಷ್ಟು ಬೈಟ್ ಇದೆ ಅಂತ ಬರೆದಿಟ್ಟುಕೊಳ್ಳಿ. ಫಾಂಟ್ ಬದಲಾಯಿಸಿ, ಮತ್ತೆ ಸೇವ್ ಮಾಡಿ. ಬೈಟ್ ಅಷ್ಟೇ ಇರುತ್ತದೆ. ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಬಳಸುವವರು ಡಿಫ್, ಅಂದರೆ ಏನು ಬದಲಾಗಿದೆ ಅಂತ ಕೇಳಿ. ಅದು ಏನೂ ತೋರಿಸುವುದಿಲ್ಲ, ಯಾಕೆಂದರೆ ಏನೂ ಬದಲಾಗಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಕೈ ಏಳುತ್ತದೆ. "ಸರ, ಫೀರಾ ಕೋಡ್ ಹಾಕಿದ್ರ ಸಮ ಚಿಹ್ನೆ, ದೊಡ್ಡದು ಚಿಹ್ನೆ ಎರಡೂ ಸೇರಿ ಬಾಣ ಆಗತೈತಿ. ಕಂಪೈಲರ್‌ಗೆ ಬಾಣ ತಿಳೀತೈತೇನ್ರಿ?"

ಬಾಣ ಕಾಣುವುದು ನಿಮಗೆ ಮಾತ್ರ. ಫೈಲಿನಲ್ಲಿ ಆ ಎರಡು ಚಿಹ್ನೆಗಳು ಹಾಗೇ ಇವೆ. ಇದಕ್ಕೆ ಲಿಗೇಚರ್ ಅನ್ನುತ್ತಾರೆ. ಕನ್ನಡ ಓದುವವರು ಇದಕ್ಕೆ ಬೆರಗಾಗಬಾರದು ಅಂತ ನಾನು ಕ್ಲಾಸಿನಲ್ಲಿ ಯಾವಾಗಲೂ ಹೇಳುತ್ತೇನೆ. "ಕ್ಷ" ಟೈಪ್ ಮಾಡುವಾಗ ಕಂಪ್ಯೂಟರಿಗೆ ಹೋಗುವುದು ಏನು? ಕ, ಹಲಂತ, ಷ. ಮೂರು ಬೇರೆ ಬೇರೆ ಸಂಖ್ಯೆ. ಅವನ್ನು ಕೂಡಿಸಿ ಒಂದೇ ಚಿತ್ರ ಮಾಡುವುದು ಫಾಂಟ್. ಬಾಣವೂ ಅಷ್ಟೇ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಹೊಸದಾಗಿ ಕಾಣುವ ವಿಷಯ ನಮ್ಮ ಕಾಗುಣಿತದಲ್ಲೇ ಇದೆ. ಬಾಣ ಕಣ್ಣಿಗೆ ತೊಡಕಾದರೆ ಸೆಟ್ಟಿಂಗ್‌ನಲ್ಲಿ ಲಿಗೇಚರ್ ಆಫ್ ಮಾಡಿ. ಹೊಸದಾಗಿ ಕಲಿಯುವವರು ಆಫ್ ಇಟ್ಟುಕೊಳ್ಳುವುದೇ ಒಳ್ಳೆಯದು. ಯಾವ ಚಿಹ್ನೆ ಒತ್ತಿದೆವು ಅಂತ ಕಾಣಬೇಕು.

ಹಾಗಾದರೆ "ನಾನು ಕಣ್ಣಾರೆ ನೋಡಿದೆ, ಫಾಂಟ್ ಬದಲಾದ ಮೇಲೇ ಎರರ್ ಬಂತು" ಅನ್ನುವವರು? ಅವರು ಸುಳ್ಳು ಹೇಳುತ್ತಿಲ್ಲ. ಅವರಲ್ಲಿ ಹೆಚ್ಚಿನವರು ಕೋಡನ್ನು ವರ್ಡ್ ಫೈಲಿನಿಂದ ಕಾಪಿ ಮಾಡಿರುತ್ತಾರೆ. ವರ್ಡ್ ತಾನಾಗಿಯೇ ನೆಟ್ಟನೆಯ ಕೋಟ್ ಚಿಹ್ನೆಯನ್ನು ಬಾಗಿದ ಕೋಟ್ ಮಾಡುತ್ತದೆ. ಚಿಕ್ಕ ಗೀಟನ್ನು ಉದ್ದ ಗೀಟು ಮಾಡುತ್ತದೆ. ಅಲ್ಲಿ ಬದಲಾಗಿದ್ದು ಅಕ್ಷರವೇ, ಅದರ ರೂಪ ಮಾತ್ರ ಅಲ್ಲ. ಪೈಥಾನ್ ಆ ಸಾಲನ್ನು ತೋರಿಸಿ, ಇದು ಸಲ್ಲದ ಅಕ್ಷರ ಅಂತ ಸ್ಪಷ್ಟವಾಗಿ ಹೇಳುತ್ತದೆ. ಆ ಎರರ್ ಸಂದೇಶ ಓದುವವರು ಕಡಿಮೆ. ಅಕ್ಷರದ ರೂಪವೂ ಬೇರೆ ಕಂಡಿದ್ದರಿಂದ ತಪ್ಪು ಫಾಂಟಿನ ತಲೆಗೆ ಬರುತ್ತದೆ. ದಯವಿಟ್ಟು ಕೋಡನ್ನು ವರ್ಡ್‌ನಲ್ಲಿ ಇಡಬೇಡಿ. ಅಸೈನ್‌ಮೆಂಟ್ ಪ್ರಿಂಟ್ ಕೊಡಬೇಕಿದ್ದರೂ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಗದಗಿನವರು ಕೇಳಲಿಲ್ಲ, ಆದರೂ ಒಂದು ವಿಷಯ ಹೇಳಲೇಬೇಕು. ಮೋನೋಸ್ಪೇಸ್ ಹಾಕಿದ್ದರೂ ಕನ್ನಡದ ಹೆಸರುಗಳ ಪಟ್ಟಿ ಟರ್ಮಿನಲ್‌ನಲ್ಲಿ (ಪ್ರೋಗ್ರಾಂ ಉತ್ತರವನ್ನು ಬರೀ ಅಕ್ಷರದಲ್ಲಿ ತೋರಿಸುವ ಕಿಟಕಿಯಲ್ಲಿ) ಸೊಟ್ಟಗೆ ಬರುತ್ತದೆ. ಯಾಕೆ?

ಮೊದಲನೆಯದಾಗಿ, ಕೋಡ್‌ಗೆ ಅಂತ ನಾನು ಮೇಲೆ ಹೇಳಿದ ಯಾವ ಫಾಂಟಿನಲ್ಲೂ ಕನ್ನಡ ಇಲ್ಲ. ಎಡಿಟರ್ ಕನ್ನಡವನ್ನು ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡದಂಥ ಬೇರೆ ಫಾಂಟಿನಿಂದ ಎರವಲು ತಂದು ತೋರಿಸುತ್ತದೆ. ಅವುಗಳ ಅಗಲ ಬೇರೆ. ಇಂಗ್ಲಿಷಿನ ಐ ಅನ್ನು ಹಿಗ್ಗಿಸಿ, ಡಬ್ಲ್ಯೂ ಅನ್ನು ಕುಗ್ಗಿಸಿ ಒಂದೇ ಅಳತೆಗೆ ತರಬಹುದು. "ರ" ಮತ್ತು "ಯೋ" ಎರಡನ್ನೂ ಒಂದೇ ಅಗಲದಲ್ಲಿ ಕೂರಿಸಿದರೆ ಓದಲು ಆಗುವುದಿಲ್ಲ.

ಎರಡನೆಯದು ಎಣಿಕೆ. ನನಗೆ ಇದು ಬಹಳ ಇಷ್ಟದ ಪಾಠ. ಗದಗ, ಹಾವೇರಿ, ಹುಬ್ಬಳ್ಳಿ. ಮೂರರಲ್ಲೂ ನಾವು ಎಣಿಸುವುದು ಮೂರೇ ಅಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿ ನೋಡಿ. ಗದಗ 3, ಹಾವೇರಿ 6, ಹುಬ್ಬಳ್ಳಿ 9! ಹಾವೇರಿಯಲ್ಲಿ ಮೂರು ಸ್ವರಚಿಹ್ನೆ ಬೇರೆ ಎಣಿಕೆ. ಹುಬ್ಬಳ್ಳಿಯಲ್ಲಿ ಎರಡು ಸ್ವರಚಿಹ್ನೆ, ಎರಡು ಹಲಂತ, ಒತ್ತಕ್ಷರವಾದ ಬ ಮತ್ತು ಳ ಕೂಡ ಎಣಿಕೆಗೆ ಬರುತ್ತವೆ. ಹೆಸರಿಗೆ 12 ಅಕ್ಷರದ ಜಾಗ ಅಂತ ಗೊತ್ತುಮಾಡಿದರೆ ಪೈಥಾನ್ ಗದಗದ ಮುಂದೆ 9 ಸ್ಪೇಸ್ ಬಿಡುತ್ತದೆ, ಹುಬ್ಬಳ್ಳಿಯ ಮುಂದೆ 3 ಮಾತ್ರ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಅಷ್ಟೇ ಅಗಲ. ಮುಂದಿನ ಅಂಕಣ ಎಲ್ಲಿಂದ ಸರಿಯಾಗಿ ನಿಲ್ಲಬೇಕು?

ಯಾವ ಫಾಂಟ್ ತಂದರೂ ಈ ಎಣಿಕೆ ಸರಿಹೋಗುವುದಿಲ್ಲ. ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ತೆರೆಯಿರಿ, ಇಲ್ಲವೇ ಎಚ್‌ಟಿಎಂಎಲ್ ಟೇಬಲ್ ಮಾಡಿ. ಟರ್ಮಿನಲ್‌ನಲ್ಲೇ ಬೇಕು ಅಂದರೆ ಅಂಕಿಗಳನ್ನೆಲ್ಲ ಮೊದಲು ಬರೆದು, ಕನ್ನಡದ ಹೆಸರನ್ನು ಸಾಲಿನ ಕೊನೆಗೆ ಇಡಿ. ಅದರ ಮುಂದೆ ಸೊಟ್ಟಗಾಗಲು ಏನೂ ಉಳಿದಿರುವುದಿಲ್ಲ.