ಈ ಚಿತ್ರನಕ್ಷೆ ಕೈಯಿಂದ ಬರೆದ ಮೂಲವೇ, ಮುದ್ರಿತ ಪ್ರತಿಯೇ?

ಓದುಗರ ಪ್ರಶ್ನೆ: ವ್ಯಂಗ್ಯಚಿತ್ರಕಾರರು ಬರೆದ ಚಿತ್ರನಕ್ಷೆಗಳನ್ನು, ಅಂದರೆ ಮನುಷ್ಯರು, ಪ್ರಾಣಿಗಳ ಚಿತ್ರಗಳಿಂದ ತುಂಬಿದ ಭೂಪಟಗಳನ್ನು, ಸಂಗ್ರಹಿಸಲು ಆರಂಭಿಸಿದ್ದೇನೆ. ಮಾರುವವರೆಲ್ಲರೂ ತಮ್ಮಲ್ಲಿರುವುದು ‘ಒರಿಜಿನಲ್’ ಎನ್ನುತ್ತಾರೆ. ಹಾಳೆ ಕೈಗೆ ಬಂದಾಗ ಅದು ಕಲಾವಿದರೇ ಬರೆದದ್ದು ಎಂದು ತಿಳಿಯುವುದು ಹೇಗೆ?

ಉತ್ತರ: ‘ಒರಿಜಿನಲ್’ ಎಂಬ ಒಂದೇ ಮಾತಿನಡಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ, ಗೊಂದಲದ ಮೂಲ ಇಲ್ಲಿದೆ. ಒಂದು, ಕಲಾವಿದರು ಕಾಗದದ ಮೇಲೆ ನಿಬ್ಬು ಮತ್ತು ಕುಂಚದಿಂದ ಬರೆದ ಚಿತ್ರ. ಇನ್ನೊಂದು, ಆ ಚಿತ್ರದಿಂದ ಅದೇ ಕಾಲದಲ್ಲಿ ತೆಗೆದ ಮೊದಲ ಮುದ್ರಣ. ಲಂಡನ್ನಿನ ಸುರಂಗ ರೈಲು ಸಂಸ್ಥೆಗಾಗಿ ಮ್ಯಾಕ್‌ಡೊನಾಲ್ಡ್ ಗಿಲ್ 1914ರಲ್ಲಿ ರಚಿಸಿದ ನಗುತರಿಸುವ ನಗರನಕ್ಷೆಯ ಆ ವರ್ಷದ ಪೋಸ್ಟರನ್ನು ‘ಒರಿಜಿನಲ್’ ಎಂದು ಕರೆದರೆ ಅದು ಸುಳ್ಳಲ್ಲ, ಆದರೆ ಅದು ಮುದ್ರಣವೇ ಹೊರತು ಗಿಲ್ ಅವರ ಕೈಬರಹವಲ್ಲ. ಇವೆರಡರ ನಡುವಿನ ಅಂತರ ಎಷ್ಟೆಂದು ತಿಳಿಯಲು ಒಂದು ಉದಾಹರಣೆ ಸಾಕು. ‘ಪಂಚ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಇ. ಎಚ್. ಶೆಪರ್ಡ್ ‘ವಿನ್ನಿ-ದ-ಪೂ’ ಮಕ್ಕಳ ಪುಸ್ತಕಕ್ಕಾಗಿ 1926ರಲ್ಲಿ ಬರೆದ ಕಾಡಿನ ನಕ್ಷೆ ಆ ಪುಸ್ತಕದ ಅಸಂಖ್ಯ ಪ್ರತಿಗಳ ಒಳರಟ್ಟಿನಲ್ಲಿ ಅಚ್ಚಾಗಿದೆ; ಆದರೆ ಶಾಯಿಯಲ್ಲಿ ಬರೆದ ಆ ಒಂದೇ ಒಂದು ಹಾಳೆ 2018ರ ಜುಲೈನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 4,30,000 ಪೌಂಡ್‌ಗೆ ಮಾರಾಟವಾಯಿತು.

ಇಂಥ ನಕ್ಷೆಯನ್ನು ಪರೀಕ್ಷಿಸುವಾಗ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪತ್ರಿಕೆಗೆ ಅಥವಾ ಪುಸ್ತಕಕ್ಕೆ ಬರೆಯುತ್ತಿದ್ದ ವ್ಯಂಗ್ಯಚಿತ್ರಕಾರರು ಆ ಹಾಳೆಯನ್ನು ಗೋಡೆಗೆ ತೂಗುಹಾಕಲೆಂದು ಬರೆದವರಲ್ಲ, ಕ್ಯಾಮೆರಾದ ಮುಂದಿಟ್ಟು ಬ್ಲಾಕ್ (ಮುದ್ರಣಕ್ಕೆ ಬೇಕಾದ ಲೋಹದ ಅಚ್ಚು) ಮಾಡಿಸಲೆಂದು ಬರೆದವರು. ಆದ್ದರಿಂದ ಮೂಲಚಿತ್ರ ಸಾಮಾನ್ಯವಾಗಿ ಮುದ್ರಿತ ಪ್ರತಿಗಿಂತ ಕೊಳಕಾಗಿರುತ್ತದೆ. ತಿದ್ದುಪಡಿ, ತೇಪೆ, ಅಂಟಿನ ಕಲೆ, ಅಂಚಿನ ಬರಹ ಇವೆಲ್ಲ ಅಲ್ಲಿ ಉಳಿದಿರುತ್ತವೆ. ಹೊಸದಾಗಿ ಸಂಗ್ರಹಿಸುವವರು ಇವನ್ನು ದೋಷಗಳೆಂದು ತಿಳಿದು ಶುಭ್ರವಾದ ಹಾಳೆಯನ್ನೇ ಆರಿಸಿಕೊಳ್ಳುತ್ತಾರೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು, ಏಕೆಂದರೆ ಕಲಾವಿದರ ದುಡಿಮೆಯ ಗುರುತುಗಳೇ ಆ ಹಾಳೆಯ ನಿಜವಾದ ಸಾಕ್ಷಿಗಳು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ಆರಂಭಿಸಿ. ಬಣ್ಣದ ಜಾಗಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಹಾಫ್‌ಟೋನ್, ಅಂದರೆ ಬಣ್ಣದ ಛಾಯೆಗಳನ್ನು ಚುಕ್ಕೆಗಳಿಂದ ಮೂಡಿಸುವ ಮುದ್ರಣ. ಚದುರಿದ ಅತಿಸಣ್ಣ ಚುಕ್ಕೆಗಳು ಕಂಡರೆ ಅದು ಇಂಕ್‌ಜೆಟ್ ಪ್ರತಿ. ಆದರೆ ಚುಕ್ಕೆಗಳಿಲ್ಲ ಎಂದ ಮಾತ್ರಕ್ಕೆ ಅದು ಕೈಬರಹವೆಂದು ತೀರ್ಮಾನಿಸಬಾರದು. ಬರೀ ಕಪ್ಪು ಗೆರೆಗಳ ಚಿತ್ರವನ್ನು ಲೈನ್ ಬ್ಲಾಕ್‌ನಿಂದ (ಗೆರೆಗಳನ್ನಷ್ಟೇ ಮೂಡಿಸುವ ಬ್ಲಾಕ್‌ನಿಂದ) ಅಚ್ಚು ಹಾಕಿದಾಗ ಚುಕ್ಕೆಗಳು ಬರುವುದೇ ಇಲ್ಲ, ಮತ್ತು ವ್ಯಂಗ್ಯಚಿತ್ರಕಾರರ ನಕ್ಷೆಗಳಲ್ಲಿ ಬಹುಪಾಲು ಇಂಥ ಗೆರೆಚಿತ್ರಗಳೇ ಆಗಿರುತ್ತವೆ. ಹಾಗಾಗಿ ಎರಡನೆಯ ಪರೀಕ್ಷೆ ಮೊದಲನೆಯದಕ್ಕಿಂತ ಮುಖ್ಯವಾದುದು: ಕೋಣೆಯ ದೀಪವನ್ನು ಆರಿಸಿ, ಟಾರ್ಚನ್ನು ಹಾಳೆಯ ಪಕ್ಕದಲ್ಲಿ ಬಹುತೇಕ ಮಲಗಿಸಿ ಹಿಡಿದು ನೋಡಬೇಕು. ಕೈಯಿಂದ ತುಂಬಿದ ಕಪ್ಪು ಜಾಗದಲ್ಲಿ ಕುಂಚ ಒಮ್ಮೆ ಹೋದ ಕಡೆಗೂ ಎರಡು ಬಾರಿ ಹೋದ ಕಡೆಗೂ ಹೊಳಪಿನಲ್ಲಿ ವ್ಯತ್ಯಾಸವಿರುತ್ತದೆ. ನಿಬ್ಬು ಒತ್ತಿದಲ್ಲಿ ಕಾಗದ ತುಸು ಕುಗ್ಗಿರುತ್ತದೆ. ತಪ್ಪಿದ ಗೆರೆಯನ್ನು ಮುಚ್ಚಲು ಹಚ್ಚಿದ ಬಿಳಿ ಬಣ್ಣ ಕಾಗದಕ್ಕಿಂತ ಮೇಲೆದ್ದು ನಿಂತಿರುತ್ತದೆ. ಮುದ್ರಣದಲ್ಲಿ ಕಪ್ಪೆಲ್ಲ ಒಂದೇ ಸಮ, ಬಿಳಿ ಎಂದರೆ ಬರೀ ಕಾಗದ.

ನಕ್ಷೆಗಳಿಗೇ ವಿಶಿಷ್ಟವಾದ ಕುರುಹುಗಳೂ ಇವೆ. ವ್ಯಂಗ್ಯಚಿತ್ರಕಾರರು ಕರಾವಳಿ, ನದಿ, ರಸ್ತೆಗಳ ರೂಪವನ್ನು ಸಾಮಾನ್ಯವಾಗಿ ಅಳತೆ ಮಾಡಿದ ನಕ್ಷೆಯೊಂದರಿಂದ ಎತ್ತಿಕೊಂಡು, ಆಮೇಲೆ ಅದರ ಮೇಲೆ ಮನುಷ್ಯರನ್ನೂ ಪ್ರಾಣಿಗಳನ್ನೂ ಕೂರಿಸುತ್ತಾರೆ. ಹಾಗೆ ಎತ್ತಿಕೊಳ್ಳಲು ಎಳೆದ ಪೆನ್ಸಿಲ್ಲಿನ ಚೌಕಗಳು, ಊರಿನ ಹೆಸರುಗಳು ನೇರವಾಗಿ ಬರಲೆಂದು ಹಾಕಿದ ಜೋಡಿಗೆರೆಗಳು ಅಳಿಸಿದ ಮೇಲೂ ಅಲ್ಲಲ್ಲಿ ಉಳಿದಿರುತ್ತವೆ. ತಿಳಿನೀಲಿ ಪೆನ್ಸಿಲ್ ಬಳಸಿದ್ದರೆ ಅಳಿಸುವ ಗೋಜಿಗೇ ಹೋಗಿರುವುದಿಲ್ಲ, ಏಕೆಂದರೆ ಆ ನೀಲಿ ಬ್ಲಾಕ್ ತಯಾರಿಸುವ ಕ್ಯಾಮೆರಾಕ್ಕೆ ಕಾಣಿಸುತ್ತಿರಲಿಲ್ಲ. ಹೆಸರುಗಳನ್ನು ಬೇರೆ ಚೀಟಿಗಳಲ್ಲಿ ಬರೆದು ಅಂಟಿಸುವ ವಾಡಿಕೆಯೂ ಇತ್ತು. ರಬ್ಬರ್ ಅಂಟು ಬಳಸಿದ್ದರೆ ಆ ಚೀಟಿಗಳ ಸುತ್ತ ಕಾಲಕ್ರಮೇಣ ಕಂದುಬಣ್ಣದ ಕಲೆ ಹರಡಿರುತ್ತದೆ. ಗಾತ್ರವನ್ನೂ ಗಮನಿಸಿ. ಕುಗ್ಗಿಸಿದಾಗ ಗೆರೆಗಳು ಚೊಕ್ಕವಾಗಿ ಬರುತ್ತವೆಂಬ ಕಾರಣಕ್ಕೆ ಮೂಲವನ್ನು ಅಚ್ಚಿನ ಗಾತ್ರಕ್ಕಿಂತ ದೊಡ್ಡದಾಗಿ ಬರೆಯುವುದು ರೂಢಿ; ಪುಟದ ಗಾತ್ರಕ್ಕೆ ಸರಿಯಾಗಿರುವ ‘ಮೂಲಚಿತ್ರ’ವನ್ನು ಇನ್ನೊಮ್ಮೆ ಪರಿಶೀಲಿಸುವುದು ಒಳ್ಳೆಯದು. ಎಷ್ಟು ಅಂಗುಲಕ್ಕೆ ಇಳಿಸಬೇಕೆಂದು ಅಂಚಿನಲ್ಲಿ ಬರೆದ ಸೂಚನೆ, ಹಿಂಬದಿಯಲ್ಲಿ ಪತ್ರಿಕಾ ಕಚೇರಿಯ ಮುದ್ರೆ ಮತ್ತು ದಿನಾಂಕ ಇದ್ದರೆ ಇನ್ನೂ ಉತ್ತಮ. ಇವನ್ನು ನೋಡಲು ಚಿತ್ರವನ್ನು ಚೌಕಟ್ಟಿನಿಂದ ಹೊರತೆಗೆಯಲೇಬೇಕು. ಅದಕ್ಕೆ ಒಪ್ಪದ ಮಾರಾಟಗಾರರಿಂದ ನಾನಂತೂ ಏನನ್ನೂ ಕೊಳ್ಳುವುದಿಲ್ಲ.

ಸಹಿಯನ್ನು ನಂಬಿ ಮೋಸಹೋಗುವವರು ಹೆಚ್ಚು. ಚಿತ್ರದೊಳಗಿನ ಸಹಿ ಚಿತ್ರದೊಂದಿಗೇ ಅಚ್ಚಾಗಿರುತ್ತದೆ. ಅಂಚಿನಲ್ಲಿ ಪೆನ್ಸಿಲ್ ಸಹಿಯ ಜೊತೆಗೆ 12/100 ಎಂಬಂಥ ಸಂಖ್ಯೆ ಇದ್ದರೆ ಅದು ನೂರು ಮುದ್ರಣಗಳಲ್ಲಿ ಹನ್ನೆರಡನೆಯದು ಎಂದರ್ಥ.

ಕಾಗದದ ವಯಸ್ಸಿಗೆ ಒಂದು ಸರಳ ಪರೀಕ್ಷೆಯಿದೆ. ಕಾಗದ ಬೆಳ್ಳಗೆ ಕಾಣಲೆಂದು ಬೆರೆಸುವ ಹೊಳಪುಕಾರಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಆದ್ದರಿಂದ 1930ರ ದಶಕದ್ದೆಂದು ಹೇಳುವ ಹಾಳೆ ಅತಿನೇರಳೆ ದೀಪದಡಿ ನೀಲಿಯಾಗಿ ಪ್ರಜ್ವಲಿಸಿದರೆ ಆ ಮಾತನ್ನು ಒಪ್ಪುವುದು ಕಷ್ಟ. ಹಾಗೆ ಹೊಳೆಯದಿದ್ದರೆ ಅದು ಹಳೆಯದೆಂದು ಸಿದ್ಧವಾಗುವುದಿಲ್ಲ, ಏಕೆಂದರೆ ಹೊಳಪುಕಾರಕವಿಲ್ಲದ ಕಾಗದ ಇಂದಿಗೂ ತಯಾರಾಗುತ್ತದೆ.

ಕೊನೆಯದಾಗಿ, ಅದೇ ನಕ್ಷೆಯ ಮುದ್ರಿತ ರೂಪವನ್ನು ಹುಡುಕಿ ಪಕ್ಕದಲ್ಲಿಟ್ಟುಕೊಳ್ಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಡೇವಿಡ್ ರಮ್ಸಿ ಸಂಗ್ರಹ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ಪಿ. ಜೆ. ಮೋಡ್ ಸಂಗ್ರಹ ಇಂಥ ಸಾವಿರಾರು ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿವೆ. ಮಾರಾಟಕ್ಕಿರುವ ಹಾಳೆಯ ಮಡಿಕೆಯ ನೆರಳು, ಮಚ್ಚೆ, ಹರಿದ ಅಂಚು ಇವೆಲ್ಲ ಆ ಮುದ್ರಿತ ಪ್ರತಿಯಲ್ಲಿ ಇರುವ ಜಾಗದಲ್ಲೇ ಇದ್ದರೆ ಅದು ಆ ಪ್ರತಿಯ ನಕಲು. ಅದರ ಬದಲು ಅಚ್ಚಿನಲ್ಲಿ ಕಾಣದ ಸಂಗತಿಯೊಂದು, ಬಿಳಿ ಬಣ್ಣದಡಿ ಮುಚ್ಚಿದ ಒಂದು ಸೇತುವೆಯೋ ಚೀಟಿಯ ಕೆಳಗೆ ಅಡಗಿದ ಹಳೆಯ ಹೆಸರೋ, ಬೆಳಕಿಗೆ ಹಿಡಿದಾಗ ಗೋಚರಿಸಿದರೆ ನಿಮ್ಮ ಕೈಯಲ್ಲಿರುವುದು ಕಲಾವಿದರೇ ಬರೆದ ಹಾಳೆ.