ತಲೆ ಎಣಿಸುವ ಕೆಲಸ

ಅಳಿವೆಯೊಂದರ ಪರಿಸರ ವರದಿಯನ್ನು ಒಮ್ಮೆ ನೋಡಿಕೊಡಿ ಎಂದು ಪರಿಚಯದವರೊಬ್ಬರು ಕಳಿಸಿದ್ದರು. ಯಾವ ಅಳಿವೆ, ಯಾರ ವರದಿ ಎಂಬುದು ಇಲ್ಲಿ ಬೇಡ. ಅದರಲ್ಲೊಂದು ಸಾಲು: ತಳದ ಕೆಸರಿನಲ್ಲಿ ಹುಳುಗಳು ಹೇರಳವಾಗಿವೆ, ಆದ್ದರಿಂದ ಜೀವಸಂಪತ್ತು ಉತ್ತಮ. ಹಿಂದಿನ ಪುಟಗಳ ಪಟ್ಟಿ ಬಿಡಿಸಿ ನೋಡಿದರೆ ಬಹುಪಾಲು ಒಂದೇ ಹುಳು, ಕ್ಯಾಪಿಟೆಲ್ಲಾ. ಕೊಳಚೆ ಬಿದ್ದು ಉಸಿರುಗಟ್ಟಿದ ಕೆಸರಿನಲ್ಲೇ ಸುಖವಾಗಿ ಸಂಸಾರ ಹೂಡುವ ಜಾತಿ ಅದು. ನೊಣ ಮುತ್ತಿದೆ, ಹಾಗಾಗಿ ಊಟ ಚೆನ್ನಾಗಿದೆ ಎಂದಂತಾಯಿತು.

ಸಮುದ್ರದ ಈ ಹುಳುಗಳಿಗೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ. ಇವನ್ನು ಅಧ್ಯಯನ ಮಾಡುವ ನಾವು ಪಾಲಿಕೀಟ್ ಎನ್ನುತ್ತೇವೆ, 'ಬಹಳ ಬಿರುಗೂದಲಿನದು' ಎಂದರ್ಥ. ಎರೆಹುಳುವಿನ ಹಾಗೆ ಮೈಯೆಲ್ಲ ಉಂಗುರ ಉಂಗುರ. ಆದರೆ ಒಂದೊಂದು ಉಂಗುರದ ಎರಡೂ ಬದಿಗೆ ದೋಣಿಯ ಹುಟ್ಟಿನಂಥ ಮೆತ್ತನೆಯ ಪುಟ್ಟ ಚಾಚುಗಳಿರುತ್ತವೆ, ಅವುಗಳ ತುದಿಯಲ್ಲಿ ಬಿರುಗೂದಲ ಕುಚ್ಚು. ಹೆಸರು ಪಡೆದ ಪ್ರಭೇದಗಳೇ ಹತ್ತು ಸಾವಿರ ದಾಟಿವೆ. ಇವನ್ನು ಎರೆಹುಳುವಿನ ದೂರದ ನೆಂಟರು ಎಂದು ನಾವು ಕಾಲೇಜಿನಲ್ಲಿ ಓದಿದ್ದೆವು. ವಂಶವಾಹಿಗಳನ್ನು ಹೋಲಿಸಿದ ಮೇಲೆ ಲೆಕ್ಕ ತಿರುಗಿಬಿಟ್ಟಿತು. ತೋಟದ ಎರೆಹುಳುವೂ, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳವೂ ಈ ಕಡಲ ಮನೆತನದಿಂದಲೇ ಕವಲೊಡೆದು ಹೊರಬಿದ್ದ ಕುಡಿಗಳು.

ಕೆಲಸದ ರೀತಿ ಹೇಳುತ್ತೇನೆ. ದೋಣಿಯಿಂದ ಕಬ್ಬಿಣದ ಗ್ರ್ಯಾಬ್ ಇಳಿಸಿ ತಳದ ಕೆಸರು ಕಚ್ಚಿಸಿ ತರುತ್ತೇವೆ. 0.5 ಮಿ.ಮೀ. ಕಣ್ಣಿನ ಜರಡಿಯಲ್ಲಿ ಸುರಿದು, ಜೋರಾಗಿ ನೀರು ಹಾಯಿಸದೆ, ತಾಳ್ಮೆಯಿಂದ ತೊಳೆಯಬೇಕು. ಉಳಿದದ್ದನ್ನು ಫಾರ್ಮಲಿನ್ನಿಗೆ ಹಾಕಿ ರೋಸ್ ಬೆಂಗಾಲ್ ಬಣ್ಣ ಬೆರೆಸಿದರೆ ಹುಳುಗಳೆಲ್ಲ ಗುಲಾಬಿಯಾಗುತ್ತವೆ, ಕಸಕಡ್ಡಿಗಳ ನಡುವೆ ಹೆಕ್ಕಲು ಸುಲಭ. ಎಷ್ಟೇ ಜೋಪಾನ ಮಾಡಿದರೂ ಅರ್ಧಕ್ಕರ್ಧ ತುಂಡಾಗಿರುತ್ತವೆ. ಅದಕ್ಕೇ ಈ ವೃತ್ತಿಯಲ್ಲಿ ಮೊದಲ ದಿನ ಕಲಿಸುವ ನಿಯಮ: ತಲೆ ಮಾತ್ರ ಎಣಿಸು. ಬಾಲ, ನಡು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ನಾನು ಶುರುವಿನಲ್ಲಿ ತುಂಡುಗಳನ್ನೂ ಸೇರಿಸಿ ಎಣಿಸಿ, ನಾಲ್ಕು ದಿನದ ಕೆಲಸ ಮತ್ತೆ ಮಾಡಿದ್ದೇನೆ.

ತಲೆ ಎಣಿಕೆಗೆ ಸಾಕು, ಗುರುತಿಸಲು ಸಾಲದು. ಅದಕ್ಕೆ ಬಿರುಗೂದಲೇ ಬೇಕು. ಒಂದೊಂದು ಕೂದಲನ್ನೂ ಚರ್ಮದಾಳದ ಒಂದೇ ಒಂದು ಜೀವಕೋಶ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ನೇಯುತ್ತದೆ. ಸೂಕ್ಷ್ಮದರ್ಶಕದಡಿ ಒಂದು ಕುಡುಗೋಲಿನಂತೆ, ಇನ್ನೊಂದು ಬಾಚಣಿಗೆಯಂತೆ, ಮತ್ತೊಂದು ಎರಡು ಹಲ್ಲಿನ ಕೊಕ್ಕೆಯ ಮೇಲೆ ಗಾಜಿನ ಟೋಪಿ ಹಾಕಿದಂತೆ ಕಾಣುತ್ತದೆ. ದವಡೆಗಳದ್ದು ಬೇರೆಯೇ ಕಥೆ. ನೆರೀಸ್ ಹುಳುವಿನ ಗಂಟಲು ಕೈಚೀಲ ತಿರುವಿಹಾಕಿದಂತೆ ಹೊರಗೆ ಬರುತ್ತದೆ, ತುದಿಯಲ್ಲಿ ಎರಡು ಕಂದು ದವಡೆ. ಅವು ಗಟ್ಟಿಯಾಗಿರುವುದಕ್ಕೆ ಸತುವು ಕಾರಣ. ಗ್ಲೈಸೆರಾ ಎಂಬ ಇನ್ನೊಂದು ಬೇಟೆಗಾರನ ನಾಲ್ಕು ದವಡೆಗಳಲ್ಲಿ ತಾಮ್ರವಿದೆ, ಜೊತೆಗೆ ವಿಷದ ಗ್ರಂಥಿ. ಬರಿಗೈಯಲ್ಲಿ ಹಿಡಿಯಬೇಡಿ.

ಎಲ್ಲವೂ ಬೇಟೆಯಾಡುವುದಿಲ್ಲ. ಇಳಿತದ ಹೊತ್ತಿನಲ್ಲಿ ಮರಳು ಬೆರೆತ ಕೆಸರಿನ ಮೇಲೆ ನಡೆದರೆ ಬೆರಳುದ್ದದ ಕೊಳವೆಗಳು ಮೇಲೆದ್ದು ನಿಂತಿರುವುದು ಕಾಣುತ್ತದೆ. ಮೈತುಂಬ ಚಿಪ್ಪಿನ ಚೂರು, ಪಾಚಿ, ಎಲೆಯ ನಾರು, ಈಚೆಗೆ ಪ್ಲಾಸ್ಟಿಕ್ ದಾರವೂ. ಅದು ಡಯೋಪಾಟ್ರಾ ಕಟ್ಟಿದ ಮನೆ. ಎಳೆದರೆ ಕೊಳವೆ ಮಾತ್ರ ಕೈಗೆ ಬರುತ್ತದೆ, ಯಜಮಾನ ಆಳಕ್ಕೆ ಜಾರಿರುತ್ತಾನೆ. ದೋಣಿಯ ಅಡಿಗೆ, ಚಿಪ್ಪುಗಳ ಮೇಲೆ ಬಿಳಿ ಸುಣ್ಣದ ಗೀರಿನಂತೆ ಅಂಟುವ ಸುರುಳಿಗಳೂ ಇದೇ ಬಳಗದ ಹುಳುಗಳ ಮನೆಗಳು. ಅವುಗಳಲ್ಲಿ ಹಲವಕ್ಕೆ ರಕ್ತ ಹಸಿರು.

ಮತ್ತೆ ಕ್ಯಾಪಿಟೆಲ್ಲಾಕ್ಕೆ ಬರುತ್ತೇನೆ. 1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ 'ಫ್ಲಾರಿಡಾ' ಎಂಬ ಬಾರ್ಜ್ ಬಂಡೆಗೆ ತಾಗಿ ಎಣ್ಣೆ ಸೋರಿತು. ತಳದ ಪ್ರಾಣಿಗಳು ಸತ್ತು ಖಾಲಿಯಾದ ಕೆಸರನ್ನು ಕ್ಯಾಪಿಟೆಲ್ಲಾ ತುಂಬಿಕೊಂಡಿತು. ಅಲ್ಲಿನ ಹುಳುಗಳ ಬೆನ್ನುಹತ್ತಿದ ಜೂಡಿತ್ ಮತ್ತು ಫ್ರೆಡ್ ಗ್ರಾಸ್ಲ್ ದಂಪತಿ 1976ರಲ್ಲಿ ಇನ್ನೊಂದು ಗುಟ್ಟು ಹೊರಗಿಟ್ಟರು. ಕ್ಯಾಪಿಟೆಲ್ಲಾ ಕ್ಯಾಪಿಟಾಟಾ ಎಂದು ಎಲ್ಲರೂ ಒಂದೇ ಹೆಸರಿನಿಂದ ಕರೆಯುತ್ತಿದ್ದದ್ದು ಆರು ಬೇರೆ ಬೇರೆ ಪ್ರಭೇದಗಳಾಗಿದ್ದವು. ಕಣ್ಣಿಗೆ ಎಲ್ಲವೂ ಒಂದೇ, ಕಿಣ್ವಗಳು ಬೇರೆ, ಸಂತಾನದ ರೀತಿ ಬೇರೆ.

ಆ ಹೆಸರಿನ 'ಕ್ಯಾಪಿಟಾಟಾ' ಭಾಗವನ್ನು ಪ್ರಾಣಿಶಾಸ್ತ್ರಜ್ಞ ಓಟ್ಟೊ ಫ್ಯಾಬ್ರಿಸಿಯಸ್ ಕೊಟ್ಟದ್ದು 1780ರಲ್ಲಿ, ಗ್ರೀನ್‌ಲ್ಯಾಂಡಿನ ಹುಳುವಿಗೆ. ನಮ್ಮ ಬಿಸಿ ಅಳಿವೆಗಳ ಪಟ್ಟಿಗಳಲ್ಲೂ ಅದೇ ಹೆಸರು ರಾರಾಜಿಸುತ್ತಿದೆ. ಫ್ರಾನ್ಸಿನ ಪಿಯರ್ ಫೋವೆಲ್ 1953ರಲ್ಲಿ ಭಾರತದ ಪಾಲಿಕೀಟ್‌ಗಳ ಬಗ್ಗೆ ಬರೆದ ದಪ್ಪ ಗ್ರಂಥ ಇವತ್ತಿಗೂ ನಮ್ಮ ಕೈದೀಪ. ಆದರೆ ಯುರೋಪಿನ ಎಷ್ಟೋ ಹೆಸರುಗಳು ನಮ್ಮ ಹುಳುಗಳಿಗೆ ಅಂಟಿಕೊಂಡಿರುವುದಕ್ಕೂ ಆ ಕಾಲದ ಪಾಠವೇ ಕಾರಣ. ಗೊತ್ತಾಗದಿದ್ದರೆ 'ಕ್ಯಾಪಿಟೆಲ್ಲಾ ಜಾತಿಯ ಒಂದು ಪ್ರಭೇದ' ಎಂದಷ್ಟೇ ಬರೆಯಿರಿ ಎಂದು ಹುಡುಗರಿಗೆ ಹೇಳುತ್ತೇನೆ. ಪೂರ್ತಿ ಹೆಸರಿಲ್ಲದ ಪಟ್ಟಿ ಕಂಡರೆ ವರದಿ ಬರೆಸುವವರಿಗೆ ಸಿಟ್ಟು ಬರುತ್ತದೆ, ಬರಲಿ.

ಬಾಲ ಲೆಕ್ಕಕ್ಕಿಲ್ಲ ಎಂದೆನಲ್ಲ, ಬಾಲವೇ ಪಂಚಾಯ್ತಿ ತೀರಿಸಿದ ಪ್ರಸಂಗವೂ ಒಂದಿದೆ. ಗಲಪಗೋಸ್ ಬಳಿಯ ಆಳಗಡಲಿನ ಬಿಸಿನೀರಿನ ಬುಗ್ಗೆಗಳಲ್ಲಿ 1977ರಲ್ಲಿ ಕಂಡ ರಿಫ್ಟಿಯಾ ಎಂಬ ಆಳೆತ್ತರದ ಕೊಳವೆಹುಳುವಿಗೆ ಬಾಯಿಲ್ಲ, ಕರುಳಿಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾ ಗಂಧಕದ ಸಂಯುಕ್ತದಿಂದ ಶಕ್ತಿ ಪಡೆದು ಅನ್ನ ಬೇಯಿಸಿಕೊಡುತ್ತವೆ. ಇದಕ್ಕೆ ಬೇರೆಯದೇ ವಂಶ ಕಟ್ಟಿಕೊಟ್ಟವರಿದ್ದರು. ಇದರ ಸಣ್ಣ ನೆಂಟರನ್ನು ಮೇಲೆತ್ತುವಾಗ ಹಿಂದಿನ ತುದಿ ಮುರಿದು ಕೆಳಗೇ ಉಳಿಯುತ್ತಿತ್ತು. 1960ರ ದಶಕದಲ್ಲಿ ಆ ತುದಿ ಸಿಕ್ಕಾಗ ನೋಡಿದರೆ ಉಂಗುರಗಳಿವೆ, ಬಿರುಗೂದಲಿದೆ. ವಂಶವಾಹಿಗಳೂ ಆಮೇಲೆ ಅದನ್ನೇ ಹೇಳಿದವು, ಈಗ ಎಲ್ಲವೂ ಪಾಲಿಕೀಟ್‌ಗಳೇ.

ಸಿಗಡಿ ಮರಿ ಉತ್ಪಾದಕರಿಗೆ ಒಂದು ಮಾತು. ತಾಯಿ ಸಿಗಡಿಗೆ ಈ ಹುಳುಗಳನ್ನು ತಿನ್ನಿಸುವುದು ಕೊಬ್ಬಿನಾಮ್ಲಗಳಿಗಾಗಿ, ಮೊಟ್ಟೆ ಚೆನ್ನಾಗಿ ಬಲಿಯುತ್ತದೆ. ಆದರೆ ಕೆಸರಿನಿಂದ ಹಿಡಿದ ಹುಳು ಬಿಳಿಚುಕ್ಕೆ ರೋಗದ ವೈರಸ್ಸನ್ನೂ ಹೊತ್ತು ತರಬಲ್ಲದು. ಪರೀಕ್ಷೆ ಮಾಡಿಸದೆ ತೊಟ್ಟಿಗೆ ಹಾಕಬೇಡಿ.

ಆ ವರದಿಗೆ ಉತ್ತರ ಬರೆಯುವ ಮೊದಲು ಅಳಿವೆಗೆ ನಾನೇ ಹೋಗಿದ್ದೆ. ನೀರಿಳಿದ ಹೊತ್ತು, ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದ ಅಜ್ಜಿಯೊಬ್ಬರು ನನ್ನ ಜರಡಿ ನೋಡಿ ನಕ್ಕರು. "ಏ ತಂಗಿ, ಬಳಚು ಬಿಟ್ಟು ಹುಳ ಹೆಕ್ಕುಕೆ ಬಂದ್ಯೇ?" ಪೇಟೆಯ ಚರಂಡಿ ಸೇರುವ ಬದಿಯನ್ನು ತೋರಿಸಿ, ಅಲ್ಲಿಗೆ ಯಾಕೆ ಯಾರೂ ಹೋಗುತ್ತಿಲ್ಲ ಎಂದು ಕೇಳಿದೆ.

"ಅಲ್ಲಿ ಎಂತ ಉಂಟು? ಕರೀ ರಾಡಿ, ನಾತ. ಕೆಂಪು ನೂಲಿನ ಹಾಂಗಿನ ಹುಳ ಬಿಟ್ರೆ ಬೇರೆ ಇಲ್ಲ."

ಕ್ಯಾಪಿಟೆಲ್ಲಾ ಕೆಂಪಗೆ, ನೂಲಿನಷ್ಟೇ ತೆಳ್ಳಗೆ ಇರುತ್ತದೆ. ಆ ಬದಿಯ ಮೂರು ಮಾದರಿಗಳನ್ನು ತೊಳೆದಾಗ ಜರಡಿಯಲ್ಲಿ ಉಳಿದದ್ದು ಅದೇ.