ವೀಳ್ಯ ಹಿಡಿಯುವ ಮೊದಲು ಒಮ್ಮೆ ಬನ್ನಿ

ಹೋದ ಮಳೆಗಾಲದಲ್ಲಿ ಆರ್ಕೆಸ್ಟ್ರಾ ನಡೆಸುವ ಒಬ್ಬರು ತೆರಿಗೆ, ಲೆಕ್ಕಪತ್ರ ನೋಡುವ ಶಿರಸಿಯ ನಮ್ಮ ಆಫೀಸಿಗೆ ಬಂದಿದ್ದರು. ಕೀಬೋರ್ಡಿನ ಉದ್ದ ಚೀಲ ಹೆಗಲಲ್ಲಿತ್ತು. ಅದರ ಹೊರಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಎಲ್ಲವೂ ಜಿಎಸ್‌ಟಿ ನೋಟಿಸುಗಳು, ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ್ದು. "ಮೇಡಂ, ನಾನು ಹಾಡೋನು, ಅಂಗಡಿ ಇಟ್ಟೋನಲ್ಲ. ಇದೆಲ್ಲ ನನಗ್ಯಾಕೆ ಬಂತು?" ಅಂದರು.

ಯಾಕೆ ಬಂತು ಅಂದರೆ, ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಈವೆಂಟ್ ಕಂಪನಿ ಇವರನ್ನು ಒಂದು ಕಾರ್ಯಕ್ರಮಕ್ಕೆ ಕರೆದಿತ್ತು. "ಜಿಎಸ್‌ಟಿ ನಂಬರ್ ಇದ್ದರೆ ಮಾತ್ರ ಪೇಮೆಂಟ್" ಎಂದಿತು. ಇವರು ಯಾರ ಹತ್ತಿರವೋ ದುಡ್ಡು ಕೊಟ್ಟು ನಂಬರ್ ಮಾಡಿಸಿದರು. ಕಾರ್ಯಕ್ರಮ ಮುಗಿಯಿತು, ದುಡ್ಡೂ ಬಂತು. ನಂಬರ್ ಅಲ್ಲೇ ಉಳಿಯಿತು. ಆಮೇಲೆ ಒಂದು ರಿಟರ್ನ್, ಅಂದರೆ ಇಲಾಖೆಗೆ ಕೊಡುವ ವಹಿವಾಟಿನ ಲೆಕ್ಕ, ಕೂಡ ಹೋಗಿರಲಿಲ್ಲ.

ಇವರ ವರ್ಷದ ವಹಿವಾಟು ಏಳೆಂಟು ಲಕ್ಷ. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಅಗತ್ಯವೇ ಇಲ್ಲ. ಆದರೆ ನೀವಾಗಿಯೇ ನಂಬರ್ ತೆಗೆದುಕೊಂಡ ದಿನದಿಂದ ಆ 20 ಲಕ್ಷದ ಆಸರೆ ಹೋಗುತ್ತದೆ. ಊರ ಗಣೇಶೋತ್ಸವದಲ್ಲಿ ಹಾಡಿದ 15 ಸಾವಿರಕ್ಕೂ 18% ತೆರಿಗೆ ಲೆಕ್ಕಕ್ಕೆ ಬರುತ್ತದೆ. ಗಣೇಶೋತ್ಸವ ಸಮಿತಿಯವರಿಂದ ಇವರು ತೆರಿಗೆ ವಸೂಲಿ ಮಾಡಿದ್ದರೇ? ಇಲ್ಲ. ಹಾಗಾಗಿ ಅದು ಕೈಯಿಂದಲೇ ಹೋಗಬೇಕು. ಮೇಲೆ ಬಡ್ಡಿ, ಮೇಲೆ ತಡ ಮಾಡಿದ ಶುಲ್ಕ. ಅವತ್ತು ಆ ಕಂಪನಿಗೆ "ನನ್ನ ವಹಿವಾಟು ಮಿತಿಯೊಳಗಿದೆ, ನಾನು ನೋಂದಣಿಯಾಗಬೇಕಿಲ್ಲ" ಅಂತ ಒಂದು ಪುಟದ ಪತ್ರ ಬರೆದು ಸಹಿ ಹಾಕಿ ಕೊಟ್ಟಿದ್ದರೆ ಹೆಚ್ಚಿನ ಕಂಪನಿಗಳಂತೆ ಅದೂ ಒಪ್ಪುತ್ತಿತ್ತು. ಆ ಪತ್ರ ಬರೆಯಲು ಹತ್ತು ನಿಮಿಷ ಸಾಕು. ಬಿದ್ದ ಗಂಟು ಬಿಡಿಸಲು ನಮಗೆ ಆರು ತಿಂಗಳು ಹಿಡಿಯಿತು.

ಊರೂರು ತಿರುಗಿ ಜನರನ್ನು ರಂಜಿಸುವವರು ನನ್ನ ಹತ್ತಿರ ಬರುವುದೇ ಏನಾದರೂ ಕೆಟ್ಟ ಮೇಲೆ. ಯಕ್ಷಗಾನ ಮೇಳದವರು, ಜಾತ್ರೆಯಲ್ಲಿ ಟೆಂಟ್ ಹಾಕುವ ನಾಟಕ ಕಂಪನಿಯವರು, ಜಾದೂ ಮಾಡುವವರು, ಗೊಂಬೆ ಆಡಿಸುವವರು, ಎಲ್ಲರದ್ದೂ ಇದೇ ಕತೆ. ಅವರ ಪ್ರಶ್ನೆ ಯಾವಾಗಲೂ "ಈಗ ಏನು ಮಾಡೋದು?" ಎಂಬುದೇ. "ಈ ಕಾರ್ಯಕ್ರಮ ಒಪ್ಪಿಕೊಳ್ಳಲಾ?" ಅಂತ ವೀಳ್ಯ ಹಿಡಿಯುವ ಮೊದಲೇ ಕೇಳಿಕೊಂಡು ಬಂದವರನ್ನು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದೇನೆ.

ಕಾನೂನಿನ ಒಂದು ವಿಚಿತ್ರ ಹೇಳುತ್ತೇನೆ. ಒಂದೇ ವೇದಿಕೆಯಲ್ಲಿ ಸಂಜೆ ಆರಕ್ಕೆ ಡೊಳ್ಳು ಕುಣಿತ, ಎಂಟಕ್ಕೆ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಅಂದುಕೊಳ್ಳಿ. ಜಾನಪದ ಇಲ್ಲವೇ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಕಲೆಯ ಪ್ರದರ್ಶನಕ್ಕೆ ಕಲಾವಿದ ಪಡೆಯುವ ಹಣ 1,50,000 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ. ಡೊಳ್ಳಿನವರಿಗೆ ಇದು ಸಿಗುತ್ತದೆ. ಆರ್ಕೆಸ್ಟ್ರಾದವರಿಗೆ ಸಿಗುವುದಿಲ್ಲ, ಅವರಿಗಿರುವುದು 20 ಲಕ್ಷದ ಮಿತಿ ಮಾತ್ರ. ಇನ್ನು ಒಂದೂವರೆ ಲಕ್ಷದ ಮೇಲೆ ಒಂದು ರೂಪಾಯಿ ಜಾಸ್ತಿಯಾದರೂ ಆ ಕಾರ್ಯಕ್ರಮದ ಪೂರ್ತಿ ಮೊತ್ತ ವಿನಾಯಿತಿಯಿಂದ ಆಚೆ. ಮತ್ತೊಂದು ಮಾತು: ನಿಯಮದಲ್ಲಿರುವ ಶಬ್ದ "ಕಲಾವಿದ", "ತಂಡ" ಅಲ್ಲ. ಮೇಳದ ಹೆಸರಿನಲ್ಲಿ, ಟ್ರಸ್ಟಿನ ಹೆಸರಿನಲ್ಲಿ ಬಿಲ್ ಕೊಡುವವರು ಈ ಒಂದು ಶಬ್ದದ ಬಗ್ಗೆ ಮೊದಲೇ ಸಲಹೆ ಪಡೆಯಬೇಕು.

ಟಿಕೆಟ್ ಇಟ್ಟು ಆಡುವವರ ದಾರಿ ಬೇರೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತವಲ್ಲ, ಅಲ್ಲಿ ನೋಡಬೇಕಾದದ್ದು ಒಂದು ಟಿಕೆಟ್ಟಿನ ಬೆಲೆ. ನಾಟಕ, ನೃತ್ಯ, ಸರ್ಕಸ್, ಸಂಗೀತ ಕಾರ್ಯಕ್ರಮಕ್ಕೆ ತಲಾ 500 ರೂಪಾಯಿವರೆಗಿನ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ಹಿಂದೆ ಇದ್ದ ರಾಜ್ಯದ ಮನರಂಜನಾ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿಯೊಳಗೆ ಸೇರಿಹೋಯಿತು. ಆದರೂ ಕೆಲವು ಹಿರಿಯ ಮಾಲೀಕರು ಇವತ್ತಿಗೂ "ಮನರಂಜನಾ ತೆರಿಗೆಯವರು ಬರ್ತಾರೆ" ಅಂತ ಹೆದರಿಕೊಂಡೇ ಇರುತ್ತಾರೆ.

ಈಗ ನಿಜವಾಗಿ ತಲೆ ತಿನ್ನುವ ವಿಷಯಕ್ಕೆ ಬರುತ್ತೇನೆ. ದುಡ್ಡು ಯಾರ ಖಾತೆಗೆ ಬರುತ್ತದೆ?

ಮೊದಲೆಲ್ಲ ಯಕ್ಷಗಾನದ ಆಟ ಮುಗಿದ ಮೇಲೆ ವೇಷ ಕಟ್ಟುವ ಚೌಕಿಯಲ್ಲೇ ನೋಟು ಎಣಿಸಿ ಹಂಚಿಬಿಡುತ್ತಿದ್ದರು. ಈಗ ಸಂಘಟಕರು ಫೋನಿನಲ್ಲೇ 40,000 ಕಳಿಸುತ್ತಾರೆ. ಅದು ಮೇಳದ ಯಜಮಾನರ ಖಾತೆಗೆ ಬೀಳುತ್ತದೆ. ಅವರು ಭಾಗವತರಿಗೆ, ಮದ್ದಲೆಯವರಿಗೆ, ವೇಷಧಾರಿಗಳಿಗೆ, ಲಾರಿಗೆ, ಜನರೇಟರಿಗೆ ಕೊಟ್ಟು ಕೊನೆಗೆ ತಮಗೆ ನಾಲ್ಕು ಸಾವಿರ ಉಳಿಸಿಕೊಂಡಿರುತ್ತಾರೆ. ಬ್ಯಾಂಕಿನ ಪುಸ್ತಕ ಮಾತ್ರ 40,000 ಬಂತು ಎನ್ನುತ್ತದೆ. ಉಳಿದದ್ದನ್ನು ನಗದಾಗಿ ಕೊಟ್ಟಿದ್ದರೆ ಅದಕ್ಕೆ ಸಾಕ್ಷಿ ಎಲ್ಲಿ?

2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ನೋಟಿಸ್ ಬಂದದ್ದು ನಿಮಗೆ ನೆನಪಿರಬಹುದು. ಆಗ ನನ್ನ ಕಲಾವಿದರೂ ಗಾಬರಿಯಾದರು. ಒಬ್ಬರು ಕ್ಯೂಆರ್ ಕೋಡನ್ನೇ ಕಿತ್ತುಹಾಕಿ "ಇನ್ನು ಬರೀ ಕ್ಯಾಶು" ಅಂದರು. ಬೇಡ ಅಂದೆ. ಖಾತೆಗೆ ಬಂದ ಹಣ ನಿಮ್ಮ ಪರವಾಗಿಯೂ ಮಾತಾಡುತ್ತದೆ, ಜೊತೆಗೆ ಒಂದು ನೋಟ್‌ಬುಕ್ ಇರಬೇಕು ಅಷ್ಟೆ. ದಿನಾಂಕ, ಊರು, ಯಾರು ಕರೆದರು, ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು, ಪಕ್ಕದಲ್ಲಿ ಪಡೆದವರ ಸಹಿ. ಆದರೆ ಕಲಾವಿದರ ಪಾಲನ್ನೂ ಆದಷ್ಟು ಫೋನಿನಲ್ಲೇ ಕಳಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ಆದಾಯ ತೆರಿಗೆಗೆ ಯಜಮಾನರ ಆದಾಯ ಅಂದರೆ ಖರ್ಚು ಕಳೆದು ಉಳಿದದ್ದು. ಜಿಎಸ್‌ಟಿಯ 20 ಲಕ್ಷ ಎಣಿಸುವಾಗ ಮಾತ್ರ ಕಾರ್ಯಕ್ರಮ ಒಪ್ಪಿಕೊಂಡವರ ಹೆಸರಿನಲ್ಲಿ ಬಂದ ಪೂರ್ತಿ ಮೊತ್ತ ಎಣಿಕೆಗೆ ಬರುತ್ತದೆ, ಅವರ ಪಾಲು ಅಷ್ಟೇ ಅಲ್ಲ. ವರ್ಷಕ್ಕೆ 60 ಆಟ, ಆಟಕ್ಕೆ 35,000 ಅಂದರೆ 21 ಲಕ್ಷ ಆಯಿತು. ಮನೆಗೆ ಒಯ್ದದ್ದು ಎರಡೂವರೆ ಲಕ್ಷ ಇದ್ದರೂ ಮಿತಿ ದಾಟಿದ ಹಾಗೆಯೇ. ಪೂರ್ತಿ ವಿನಾಯಿತಿ ಇರುವ ಕಾರ್ಯಕ್ರಮಗಳನ್ನೇ ಮಾಡುವವರಿಗೆ ನೋಂದಣಿ ಬೇಕಿಲ್ಲ. ಆದರೆ ನಡುವೆ ಒಂದೆರಡು ವಿನಾಯಿತಿ ಇಲ್ಲದ ಕಾರ್ಯಕ್ರಮ ಬೆರೆತರೆ ವಿನಾಯಿತಿಯದ್ದೂ ಸೇರಿ ಎಣಿಕೆಯಾಗುತ್ತದೆ.

ತಿರುಗಾಟದ ಲೆಕ್ಕಕ್ಕೆ ಇನ್ನೊಂದು ತೊಡಕು. ಮೇಳದವರ ವರ್ಷ ದೀಪಾವಳಿಯಿಂದ ಮಳೆ ಹಿಡಿಯುವವರೆಗೆ. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಒಂದು ತಿರುಗಾಟವನ್ನು ಮಾರ್ಚ್ 31 ನಡುವೆ ಕತ್ತರಿಸುತ್ತದೆ. "ಈ ತಿರುಗಾಟದಲ್ಲಿ 18 ಲಕ್ಷ ಆಯ್ತು, ಮಿತಿಯೊಳಗೇ ಇದ್ದೇವೆ" ಎಂಬ ಲೆಕ್ಕ ಹಾಗಾಗಿ ತಪ್ಪಬಹುದು. ನೋಟ್‌ಬುಕ್ಕಿನಲ್ಲಿ ಮಾರ್ಚ್ 31ರ ಕೆಳಗೆ ಒಂದು ಕೆಂಪು ಗೆರೆ ಎಳೆಯಿರಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಟಿಡಿಎಸ್ ವಿಷಯದಲ್ಲಿ ಮಾತ್ರ ನನಗೆ ಹೊಟ್ಟೆ ಉರಿಯುತ್ತದೆ. ಅದು ಕಲಾವಿದರದ್ದೇ ದುಡ್ಡು, ಅವರೇ ಬಿಟ್ಟುಬಿಡುತ್ತಾರೆ. ಇಲಾಖೆಗಳು, ಕಂಪನಿಗಳು ಸಂಭಾವನೆ ಕೊಡುವಾಗ ಆದಾಯ ತೆರಿಗೆಗೆ ಅಂತ ಸ್ವಲ್ಪ ಹಿಡಿದುಕೊಂಡು ಕೊಡುತ್ತವೆ, ಅದೇ ಟಿಡಿಎಸ್. ಕೆಲವರು ವೃತ್ತಿಪರ ಶುಲ್ಕ ಅಂತ 10% ಹಿಡಿಯುತ್ತಾರೆ. ಗುತ್ತಿಗೆ ಅಂತ ಬರೆದರೆ ಒಬ್ಬ ವ್ಯಕ್ತಿಗೆ 1%. ಪ್ಯಾನ್ ಕೊಡದಿದ್ದರೆ 20% ಹೋಗುತ್ತದೆ. ಒಬ್ಬ ಚಂಡೆ ಕಲಾವಿದರ ಆದಾಯ ತೆರಿಗೆ ಪೋರ್ಟಲಿನ ಖಾತೆ ತೆರೆದು ನೋಡಿದಾಗ ಒಂದೇ ವರ್ಷದಲ್ಲಿ ನಾಲ್ಕು ಕಡೆ 6,000ದಂತೆ 24,000 ರೂಪಾಯಿ ಅವರ ಹೆಸರಿನಲ್ಲಿ ಜಮಾ ಆಗಿತ್ತು. ಅವರ ವರ್ಷದ ಆದಾಯ ಮೂರು ಲಕ್ಷವೂ ಇರಲಿಲ್ಲ. ಕಟ್ಟಬೇಕಾದ ತೆರಿಗೆ ಸೊನ್ನೆ. ರಿಟರ್ನ್ ಹಾಕಿದರೆ ಅಷ್ಟೂ ವಾಪಸ್. "ಅದು ಕಟ್ ಆಗಿದ್ದಲ್ವಾ ಮೇಡಂ, ಹೋಗಿದ್ದು ಹೋಯ್ತು ಅಂತ ಬಿಟ್ಟಿದ್ದೆ" ಅಂದರು. ಆ ವರ್ಷದ್ದು ಬಂತು. ಹಿಂದಿನ ವರ್ಷಗಳಲ್ಲೂ ಹಿಡಿದಿದ್ದರು, ಅವುಗಳ ಗಡುವು ಮುಗಿದಿತ್ತು. 24,000 ಅಂದರೆ ಅವರಿಗೆ ಒಂದು ಮಳೆಗಾಲದ ಅಕ್ಕಿ ಬೇಳೆ.

ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸೇರಿ ತೆರಿಗೆ ಬೀಳುವುದಿಲ್ಲ. ಹಾಗಂತ ರಿಟರ್ನ್ ಬೇಡ ಅಂದುಕೊಳ್ಳಬೇಡಿ. ತಂಡ ಕಟ್ಟಿ ನಡೆಸುವವರು ವ್ಯವಹಾರದ ಅಂದಾಜು ಪದ್ಧತಿಯಲ್ಲಿ ಬ್ಯಾಂಕ್ ಮೂಲಕ ಬಂದದ್ದರ 6%, ನಗದಿನ 8% ಆದಾಯ ಅಂತ ತೋರಿಸಬಹುದು. ಒಬ್ಬರೇ ಹಾಡುವ, ಒಬ್ಬರೇ ಜಾದೂ ಮಾಡುವವರಿಗೆ ಇದು ಹೊಂದುತ್ತದಾ ಎಂಬುದರಲ್ಲಿ ವಾದವಿದೆ. ಸಿನಿಮಾ ಕಲಾವಿದರಿಗೆ ಇರುವ, ಬಂದದ್ದರ 50% ಆದಾಯ ಅಂತ ತೋರಿಸುವ ಪದ್ಧತಿಯನ್ನು ವೇದಿಕೆ ಕಲಾವಿದರಿಗೆ ಹಾಕಿ ರಿಟರ್ನ್ ಕಳಿಸಿದ್ದನ್ನೂ ನೋಡಿದ್ದೇನೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳೂ ಬದಲಾಗಿವೆ. ಹೋದ ವರ್ಷದ ಫಾರಂ ನೋಡಿ ಈ ವರ್ಷದ್ದು ತುಂಬಲು ಹೋಗಬೇಡಿ.

ಪರವಾನಗಿಗೆ ಬರೋಣ. ಮೈಕಿಗೆ ಲಿಖಿತ ಅನುಮತಿ ಬೇಕೇ ಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬದ ಸಂದರ್ಭಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆದರೆ ಆ ದಿನಗಳನ್ನು ನಿರ್ಧರಿಸುವುದು ಸರ್ಕಾರ, ಸಂಘಟಕರಲ್ಲ. ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಕಾಲಮಿತಿಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಜಾಗಕ್ಕೆ ಪಂಚಾಯತಿ ಅಥವಾ ನಗರಸಭೆ, ತಾತ್ಕಾಲಿಕ ಕರೆಂಟಿಗೆ ಆಯಾ ಕಡೆಯ ವಿದ್ಯುತ್ ಕಂಪನಿ (ನಮ್ಮಲ್ಲಿ ಹೆಸ್ಕಾಂ), ದೊಡ್ಡ ಪೆಂಡಾಲಾದರೆ ಅಗ್ನಿಶಾಮಕ ದಳ. ಹುಬ್ಬಳ್ಳಿ, ಮಂಗಳೂರಿನಂಥ ಪೊಲೀಸ್ ಕಮಿಷನರ್ ಇರುವ ಊರಲ್ಲಿ ಹೋಗಬೇಕಾದ ಬಾಗಿಲು ಬೇರೆ, ತಾಲೂಕಿನಲ್ಲಿ ಬೇರೆ. ಸಿನಿಮಾ ಹಾಡು ಹಾಡುವವರು ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಕಟ್ಟಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಯಾರು ತೆಗೆಸುತ್ತಾರೆ ಅಂತ ಮೊದಲೇ ಕೇಳಿ. ಮದುವೆ ಮನೆಯ ಹಾಡಿಗೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಕರಡಿ, ಕೋತಿ ಆಟಕ್ಕೆ ಯಾವ ಪರವಾನಗಿಯೂ ಸಿಗುವುದಿಲ್ಲ. ಮಾಡಿಸಿಕೊಡುತ್ತೇನೆ ಎನ್ನುವವರು ಮೋಸ ಮಾಡುತ್ತಿದ್ದಾರೆ.

ಇವನ್ನೆಲ್ಲ ಯಾರು ಮಾಡಿಸಬೇಕು? ಸಂಘಟಕರೋ, ನೀವೋ? ವೀಳ್ಯ ಹಿಡಿಯುವ ದಿನವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅನುಮತಿ ಯಾರದ್ದು, ಮಳೆ ಬಂದು ನಿಂತರೆ ಮುಂಗಡ ಏನಾಗುತ್ತದೆ, ಟಿಡಿಎಸ್ ಎಷ್ಟು ಹಿಡಿಯುತ್ತಾರೆ. ಸ್ಟಾಂಪ್ ಪೇಪರ್ ಸಿಗಲಿಲ್ಲ ಅಂತ ಮುಂದೂಡಬೇಡಿ. ವಾಟ್ಸಾಪಿನಲ್ಲಿ ಕಳಿಸಿ "ಒಪ್ಪಿದೆ" ಅಂತ ಉತ್ತರ ಬಂದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ನನ್ನದೇ ಒಂದು ತಪ್ಪು ಹೇಳಬೇಕು. ಒಂದು ಚಿಕ್ಕ ನಾಟಕ ತಂಡದ ಲೆಕ್ಕಪತ್ರ ನಾಲ್ಕು ವರ್ಷ ನಾನೇ ನೋಡಿದ್ದೆ. ಲಾರಿ ಬಾಡಿಗೆಯ ರಸೀದಿ ಪ್ರತಿ ತಿಂಗಳೂ ಕೈಗೆ ಬರುತ್ತಿತ್ತು. ಕಲಾವಿದರು ಹೇಗೆ ಹೋಗುತ್ತಾರೆ ಅಂತ ಒಮ್ಮೆಯೂ ಕೇಳಲಿಲ್ಲ. ಅವರು ಅದೇ ಲಾರಿಯಲ್ಲಿ ಪರದೆಯ ಪೆಟ್ಟಿಗೆಗಳ ಮೇಲೆ ಮಲಗಿ ಹೋಗುತ್ತಿದ್ದರು. ಘಟ್ಟದ ತಿರುವಿನಲ್ಲಿ ಲಾರಿ ಮಗುಚಿ ಇಬ್ಬರ ಕೈಕಾಲು ಮುರಿಯಿತು. ಸರಕು ಸಾಗಿಸುವ ವಾಹನದಲ್ಲಿ ಜನ ಕೂತಿದ್ದರು ಅಂತ ವಿಮೆಯವರು ತಕರಾರು ತೆಗೆದರು. ಅಂದಿನಿಂದ ಲಾರಿ ಬಾಡಿಗೆಯ ರಸೀದಿ ಕಂಡರೆ ನನ್ನ ಮೊದಲ ಪ್ರಶ್ನೆಯೇ ಅದು.

ಸಲಹೆ ಯಾರ ಹತ್ತಿರ ಪಡೆಯಬೇಕು ಅಂತ ಬಹಳ ಜನ ಕೇಳುತ್ತಾರೆ. ಚಾರ್ಟರ್ಡ್ ಅಕೌಂಟೆಂಟ್ ಆಗಲಿ, ತೆರಿಗೆ ಸಲಹೆಗಾರರಾಗಲಿ, ಕಲಾವಿದರ ಲೆಕ್ಕ ನೋಡಿ ಗೊತ್ತಿದ್ದವರಾದರೆ ಒಳ್ಳೆಯದು. ಫೀ ಮೊದಲೇ ಕೇಳಿ, ಸಂಕೋಚ ಬೇಡ. ನಿಮ್ಮ ಪೋರ್ಟಲ್ ಖಾತೆಯಲ್ಲಿ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಇರಬೇಕು. ಶುರುವಿನಲ್ಲಿ ಹೇಳಿದೆನಲ್ಲ, ಆ ಆರ್ಕೆಸ್ಟ್ರಾದವರ ಜಿಎಸ್‌ಟಿ ಖಾತೆಯಲ್ಲಿ ಇದ್ದದ್ದು ನಂಬರ್ ಮಾಡಿಸಿಕೊಟ್ಟವನ ಇಮೇಲ್. ಎರಡು ವರ್ಷದ ನೋಟಿಸೆಲ್ಲ ಅವನಿಗೇ ಹೋಗಿತ್ತು. "ಎಲ್ಲರಿಗೂ ರೀಫಂಡ್ ತೆಗೆಸಿಕೊಡ್ತೇನೆ, ಅದರಲ್ಲಿ ಇಷ್ಟು ಪರ್ಸೆಂಟ್ ನನಗೆ" ಎನ್ನುವವರ ಹತ್ತಿರ ಹೋಗಬೇಡಿ. ಇಲ್ಲದ ಕಡಿತ ತೋರಿಸಿ ರಿಟರ್ನ್ ಹಾಕಿದರೆ ಉತ್ತರ ಕೊಡಬೇಕಾದವರು ನೀವೇ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲಿನಲ್ಲಿ ಪೂರ್ತಿ ಉಚಿತ. ಅದಕ್ಕೆ ಎರಡು ಸಾವಿರ ಕೊಟ್ಟು ಬಂದವರಿದ್ದಾರೆ. ವಕೀಲರ ಅಗತ್ಯ ಬಿದ್ದರೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಆ ಚಂಡೆ ಕಲಾವಿದರು ಈಗ ಸ್ವಂತ ತಂಡ ಕಟ್ಟಿದ್ದಾರೆ. ಮೊನ್ನೆ ಬಂದಿದ್ದರು, ಕೈಯಲ್ಲಿ ರಟ್ಟಿನ ನೋಟ್‌ಬುಕ್. ಮಾರ್ಚ್ 31ರ ಕೆಳಗೆ ಕೆಂಪು ಗೆರೆ ಇತ್ತು. "ಗೋವಾದವರು ಮೂರು ಆಟಕ್ಕೆ ಕರೀತಿದ್ದಾರೆ ಮೇಡಂ. ಬೇರೆ ರಾಜ್ಯ ಅಂದ್ರೆ ಜಿಎಸ್‌ಟಿ ಬೇಕೇ ಬೇಕು ಅಂತಾರೆ. ಒಪ್ಪಿಕೊಳ್ಳೋ ಮೊದ್ಲು ಕೇಳೋಣ ಅಂತ ಬಂದೆ" ಅಂದರು. ಸೇವೆಗೆ ಹೊರರಾಜ್ಯವಾದರೂ 20 ಲಕ್ಷದ ಮಿತಿ ಅನ್ವಯಿಸುತ್ತದೆ, ನಿಮ್ಮದು ಅದರೊಳಗಿದೆ ಅಂದೆ. ಅಲ್ಲೇ ಟೆಂಟ್ ಹಾಕಿ ಟಿಕೆಟ್ ಮಾರುವುದಾದರೆ ಮಾತ್ರ ಲೆಕ್ಕ ಬೇರೆ, ಇದು ಕರೆಸಿ ಆಡಿಸುವ ಆಟ ಎಂಬುದನ್ನು ಹಾಳೆಯಲ್ಲಿ ಬರೆಸಿಕೊಳ್ಳಿ ಅಂದೆ. ಅವರು ನನ್ನ ಎದುರಿಗೇ ಕೂತು ಗೋವಾದವರಿಗೆ ಫೋನ್ ಹಚ್ಚಿದರು.